ಅಜ್ಜಿಯ ಹಾಡಿನ ಹಿಂದಿನ ಮಳೆ

ನಮ್ಮಜ್ಜಿ ಹಾಡುತ್ತಿದ್ದುದು ರೇಷ್ಮೆ ಹುಳುಗಳಿಗೆ ಮಾತ್ರ. ದಿಬ್ಬೂರಹಳ್ಳಿಯ ನಮ್ಮ ಹುಳುಮನೆಯಲ್ಲಿ ತಟ್ಟೆ ತಟ್ಟೆಗೂ ಹಿಪ್ಪುನೇರಳೆ ಸೊಪ್ಪು ಹಾಕುತ್ತಾ, ತಾನೇ ಕಟ್ಟಿದ ಜೋಗುಳವೊಂದನ್ನು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹಾಡುತ್ತಿದ್ದಳು. ಮದುವೆ ಮನೆಯಲ್ಲಿ ಯಾರಾದರೂ ಒಂದು ಹಾಡು ಹೇಳು ಎಂದರೆ ಸಾಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆ ಸೇರುತ್ತಿದ್ದಳು.

ಎರಡು ಸಾವಿರದ ದಶಕದ ಕೊನೆ. ನಾನು ಚಿಂತಾಮಣಿಯಲ್ಲಿ ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತಾ, ನನ್ನನ್ನು ನಾನೇ ಸಂಗೀತ ನಿರ್ದೇಶಕ ಎಂದು ಕರೆದುಕೊಂಡು ಓಡಾಡುತ್ತಿದ್ದೆ. ಬೇರೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಇನ್ನು ಮೇಲೆ ಕ್ಯಾಸೆಟ್ ಕಂಪನಿಗಳ ಬಾಗಿಲು ಕಾಯಬೇಕಿಲ್ಲ, ಒಂದು ವಿತರಣಾ ಸಂಸ್ಥೆಗೆ ಹಾಡು ಕಳಿಸಿದರೆ ಅವರೇ ಇಂಟರ್‌ನೆಟ್ಟಿನಲ್ಲಿ ಹಾಡು ಕೇಳಿಸುವ ತಾಣಗಳಿಗೆಲ್ಲ ಹಂಚುತ್ತಾರೆ ಎಂದು ಸೈಬರ್ ಸೆಂಟರಿನಲ್ಲಿ ಗೊತ್ತಾಯಿತು. ಅಜ್ಜಿಯ ಹಾಡನ್ನೇ ಕಳಿಸಬೇಕೆಂಬ ಹುಚ್ಚು ಹಿಡಿಯಿತು. ಅಂಥ ದನಿ ಹುಳುಮನೆಯ ನಾಲ್ಕು ಗೋಡೆಯೊಳಗೇ ಮುಗಿದುಹೋಗುತ್ತದಲ್ಲಾ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಹುಳುಮನೆಗೆ ಹೊರಗಿನವರು ಕಾಲಿಡುವಂತಿರಲಿಲ್ಲ. ಹುಳುವಿಗೆ ದೃಷ್ಟಿ ತಾಕಿದರೆ ಬೆಳೆ ಹೋದಂತೆಯೇ ಎಂಬುದು ಅಜ್ಜಿಯ ನಂಬಿಕೆ. ಮನೆಯವನಾದ ನಾನೂ ಕೈಕಾಲು ತೊಳೆದು, ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು, ಮೈಕು ಹಿಡಿದು ಒಳಗೆ ಹೋದೆ.

“ನಿನ್ ಪಾಡಿಗೆ ನೀನು ಹಾಡ್ಕೊಂಡಿರಜ್ಜಿ, ನಾನು ಇಲ್ಲೇ ಕೂತಿರ್ತೀನಿ” ಎಂದೆ.

ಹಾಡಿದಳು. ಅಬ್ಬಾ! ಕಣ್ಣಲ್ಲಿ ನೀರು ಬಂತು.

ಹಾಡು ಕಳಿಸಿದ ಮೂರೇ ದಿನಕ್ಕೆ ವಿತರಣಾ ಸಂಸ್ಥೆಯಿಂದ ಮೇಲ್ ಬಂತು. ಹಾಡಿನ ಉದ್ದಕ್ಕೂ ಮಳೆಯ ಗದ್ದಲವಿದೆ, ತೆಗೆದು ಕಳಿಸಿ ಎಂದಿತ್ತು. ನಮ್ಮ ಸೀಮೆಯಲ್ಲಿ ಮಳೆಯೇ? ಅದೂ ಬೇಸಿಗೆಯಲ್ಲಿ? ಇವರಿಗೇನು ತಲೆ ಕೆಟ್ಟಿದೆಯಾ ಎಂದು ಬೈಯುತ್ತಲೇ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಹೌದು, ಚರಚರ ಎಂದು ಒಂದೇ ಸಮ ಸದ್ದು. ಸಾವಿರಾರು ಹುಳುಗಳು ಒಟ್ಟಿಗೆ ಸೊಪ್ಪು ಮೇಯುತ್ತಿದ್ದವು. ಗೂಡು ಕಟ್ಟುವ ಮುಂಚಿನ ವಾರ ಅವುಗಳ ಹಸಿವು ಅಂತಿಂಥದ್ದಲ್ಲ. ಹುಟ್ಟಿದಾಗಿನಿಂದ ಕೇಳಿ ಕೇಳಿ ನನ್ನ ಕಿವಿಗೆ ಅದು ಸದ್ದೇ ಆಗಿರಲಿಲ್ಲ.

ಸರಿ, ಹುಳುಗಳನ್ನು ಅಮ್ಮನಿಗೆ ಒಪ್ಪಿಸಿ ಅಜ್ಜಿಯನ್ನು ಚಿಕ್ಕಬಳ್ಳಾಪುರದ ಸ್ಟುಡಿಯೋಗೆ ಕರೆದೊಯ್ದೆ. ಅಜ್ಜಿ ಮೈಕಿನ ಮುಂದೆ ನಿಂತಳು, ಗಂಟಲು ಸರಿಮಾಡಿಕೊಂಡಳು, ನೀರು ಕುಡಿದಳು. ಒಂದು ಸಾಲೂ ಹೊರಡಲಿಲ್ಲ.

“ಇಲ್ಲಿ ಉಣ್ಣೋರೇ ಇಲ್ವಲ್ಲಪ್ಪ, ಯಾರಿಗೆ ಅಂತ ಹಾಡ್ಲಿ?”

ವಾಪಸು ಬರುವಾಗ ಬಸ್ಸಿನಲ್ಲಿ ಬಾಯಿ ತಪ್ಪಿ ಹುಳುಗಳ ಸದ್ದಿನ ವಿಷಯ ಹೇಳಿಬಿಟ್ಟೆ. ಅಜ್ಜಿ ಹೌಹಾರಿದಳು.

“ಅಯ್ಯೋ ನಾಯನಾ! ನನ್ ಹುಳ ಮೇಯೋದನ್ನ ಊರಿಗೆಲ್ಲ ಕೇಳ್ಸೋಕೆ ಹೊರಟಿದ್ಯಾ? ದೃಷ್ಟಿ ಆಗಲ್ವೇನೋ? ನನ್ನಾಣೆ, ಕಳಿಸ್ಬೇಡ.”

ಸಂಸ್ಥೆಯವರಿಗೆ ಹುಳು ಬೇಡ. ಹುಳುವಿಲ್ಲದೆ ಅಜ್ಜಿಗೆ ದನಿಯಿಲ್ಲ. ಹುಳುವಿರುವ ಹಾಡನ್ನು ಕಳಿಸಲು ಅಜ್ಜಿ ಬಿಡುವುದಿಲ್ಲ. ಮುಖ ಊದಿಸಿಕೊಂಡು ಕೀಬೋರ್ಡನ್ನು ಅಟ್ಟಕ್ಕೆ ಹಾಕಿದೆ.

ಹುಳುಗಳು ಗೂಡು ಕಟ್ಟಿದವು. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು. ಆ ಸಂಜೆ ಅಜ್ಜಿ ಬಂದು ಪಕ್ಕದಲ್ಲಿ ಕೂತು, ಖಾರಾಬೂಂದಿಯ ಪೊಟ್ಟಣ ನನ್ನ ಕೈಗಿತ್ತಳು.

“ಆ ಹುಳ ಬೆಳೆ ಕೊಟ್ಟು ಹೋದ್ವಲ್ಲ. ಇನ್ಯಾರ ಕಣ್ಣು ಬಿದ್ರೆ ಏನಾಗ್ತದೆ? ಕಳಿಸ್ಕೋ ಹೋಗು. ಮುಖ ನೋಡೋಕಾಗಲ್ಲ ನಿಂದು.”

ಅದೇ ಹಾಡನ್ನು ಮತ್ತೆ ಕಳಿಸಿದೆ. ಹಿಂದಿನ ಸದ್ದು ಬೇಕೆಂದೇ ಇಟ್ಟಿದ್ದು ಎಂದು ಜಂಬದಿಂದ ಬರೆದೆ. ಭಾಷೆ ಯಾವುದೆಂಬ ಕಡೆ ಒಂದನ್ನೇ ಆರಿಸಬೇಕಿತ್ತು, ಕನ್ನಡ ಎಂದು ಒತ್ತಿ ತೆಲುಗಿನ ಕ್ಷಮೆ ಕೇಳಿಕೊಂಡೆ. ಹಾಡು ಬಿಡುಗಡೆಯಾಯಿತು!

ಕೆಲವು ತಿಂಗಳ ಮೇಲೆ ಯಾವುದೋ ದೂರದೇಶದವರೊಬ್ಬರು ಹಾಡಿನ ಕೆಳಗೆ ಬರೆದಿದ್ದರು: ಅಜ್ಜಿಯ ದನಿ ಚೆನ್ನ, ಹಿಂದಿನ ಮಳೆ ಇನ್ನೂ ಚೆನ್ನ. ಅಜ್ಜಿಗೆ ಓದಿ ಹೇಳಿದೆ. ತಟ್ಟೆಗಳಲ್ಲಿ ಆಗಲೇ ಹೊಸ ಹುಳುಗಳಿದ್ದವು.

“ಮಳೆ ಅಂದ್ಕೊಂಡವ್ರಾ? ಒಳ್ಳೇದೇ ಆಯ್ತು” ಎಂದು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಹೇಳ್ಬೇಡ ಕಣಪ್ಪ.”

ಇಷ್ಟು ವರ್ಷ ಹೇಳಿರಲಿಲ್ಲ. ಈಗ ಅಜ್ಜಿ ಇಲ್ಲ. ಹುಳುಮನೆಯಲ್ಲಿ ಅಪ್ಪ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ದೃಷ್ಟಿ ತಾಕಲು ಅಲ್ಲಿ ಏನೂ ಉಳಿದಿಲ್ಲವಾದ್ದರಿಂದ ಹೇಳುತ್ತಿದ್ದೇನೆ: ಅದು ಮಳೆಯಲ್ಲ. ಅಜ್ಜಿ ಬಡಿಸುತ್ತಿದ್ದಳು, ಅವು ಉಣ್ಣುತ್ತಿದ್ದವು.