ಬರಿಗಾಲಿನ ಇನ್ನೂರ ಹತ್ತು

ಅತ್ತೆ ಕಾರು ಓಡಿಸುತ್ತಿದ್ದುದು ಬರಿಗಾಲಿನಲ್ಲಿ. ಚಪ್ಪಲಿ ಬಿಚ್ಚಿ ಹಿಂದಿನ ಸೀಟಿನ ಕೆಳಗಿಟ್ಟು, ಬಲಗಾಲಿನ ಹೆಬ್ಬೆರಳನ್ನು ಪೆಡಲಿನ ಮೇಲೆ ಮೆಲ್ಲಗೆ ಊರುತ್ತಿದ್ದಳು. ಆ ಉಗುರಿನ ಅಂಚಿನಲ್ಲಿ ಅದಿರಿನ ದೂಳಿನ ಕೆಂಪು ಗೆರೆ ಸದಾ ಇರುತ್ತಿತ್ತು.

"ಚಪ್ಪಲಿ ಹಾಕ್ಕೊಂಡ್ರ ಗಾಡಿ ಏನ್ ಹೇಳ್ತೈತಿ ತಿಳಿಯಂಗಿಲ್ಲ," ಅನ್ನುತ್ತಿದ್ದಳು.

"ಗಾಡಿ ಏನೂ ಹೇಳಂಗಿಲ್ಲ ಅತ್ತಿ. ಅದು ಬರೀ ನಡುಕ."

"ನಾನೂ ಅದನ್ನ ಅಂದಿದ್ದು, ವಕೀಲಮ್ಮ."

ನಾನು ವಕೀಲೆಯಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಮಾತಾಡಿ, ಮನೆಯಲ್ಲೂ ಯಾವುದನ್ನೂ ಸುಮ್ಮನೆ ಒಪ್ಪದವಳು. ಅತ್ತೆ ಅಪ್ಪನ ತಂಗಿ. ಮದುವೆಯಾಗದೆ ಹೊಸಪೇಟೆಯ ನಮ್ಮ ಮನೆಯಲ್ಲೇ ಇದ್ದು, ಕುರೆಕುಪ್ಪದ ಹತ್ತಿರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದಳು. ಕಾರು ಸಂಡೂರಿನದು. ಗಣಿಯ ದುಡ್ಡು ಹರಿಯುತ್ತಿದ್ದಾಗ ಯಾರೋ ತರಿಸಿ, ಗಣಿ ನಿಂತ ಮೇಲೆ ಶೆಡ್ಡಿನಲ್ಲಿ ಹೊದಿಸಿಟ್ಟ ಹಳೆಯ ಸ್ಪೋರ್ಟ್ಸ್ ಸೆಡಾನ್. ಆಗ ಸಂಡೂರಿನಲ್ಲಿ ಅಂಥವು ಎಷ್ಟೋ ಇದ್ದವು. ಅತ್ತೆ ಕೊಂಡ ಮೇಲೆ ಎಷ್ಟು ತೊಳೆದರೂ ಬಾಗಿಲ ಸಂದಿಯಿಂದ ಕೆಂಪು ಉದುರುವುದು ನಿಲ್ಲಲಿಲ್ಲ.

ಅದರ ಮೀಟರಿನಲ್ಲಿ ಇನ್ನೂರ ಅರವತ್ತರವರೆಗೆ ಅಂಕಿಗಳಿದ್ದವು. ಅತ್ತೆ ಎಂಬತ್ತು ದಾಟಿದ್ದನ್ನು ನಾನು ಕಾಣೆ. ಕಂಪ್ಲಿ ರಸ್ತೆಯಲ್ಲಿ ಕಬ್ಬಿನ ಟ್ರಾಲಿಗಳು, ಸಂಡೂರಿನ ಕಡೆ ಹಿಂದೀಪವಿಲ್ಲದ ಟಿಪ್ಪರುಗಳು, ಎಲ್ಲ ಕಡೆ ಎಮ್ಮೆಗಳು.

"ಮತ್ತ ಇದ್ಯಾಕ ಬೇಕಿತ್ತು? ಆ ಮೀಟರು ಬರೀ ಜಾಹೀರಾತು," ಅಂದೆ.

"ಇನ್ನೂರ ಹತ್ತು ಹೋಗ್ತೈತಿ. ಅದರಾಚೆ ಕಂಪ್ಯೂಟರು ಪೆಟ್ರೋಲ್ ಕಟ್ ಮಾಡ್ತೈತಿ. ಕಂಪನಿಯವ್ರು ಹಂಗ ಮಾಡೇ ಕಳಿಸ್ಯಾರ."

"ನೋಡೀಯೇನು?"

"ಇಲ್ಲ."

"ಹಂಗಾದ್ರ ಅದು ನಂಬಿಕಿ."

ರಾತ್ರಿ ಊಟದ ಮನೆಯಲ್ಲಿ ವಾದ ಬಿಸಿಯೇರಿದಾಗ ಅತ್ತೆ ಅಂಗೈ ಎತ್ತುವಳು. "ಸಾಕು. ಈಗ ನನ್ನ ಕಡಿಯಿಂದ ಹೇಳು." ಆಗ ಅಷ್ಟೇ ಬಿಸಿಯಲ್ಲಿ ನಾನು ಅವಳ ಪಕ್ಷ ವಹಿಸಿ ಮಾತಾಡಬೇಕು. ಉಪಮೆ ಹೇಳಿ ಜಾರಿಕೊಳ್ಳುವ ಹಾಗಿಲ್ಲ. "ಹೋಲಿಕಿ ಸಾಕ್ಷಿ ಅಲ್ಲ. ಮುಂದ?" ನನಗೆ ಬಂದ ಬಹುಮಾನಗಳೆಲ್ಲ ಆ ಊಟದ ಮನೆಯಲ್ಲಿ ಗಳಿಸಿದವು.

ಆಮೇಲೆ ಕ್ಯಾನ್ಸರ್. ಕೀಮೋ ಔಷಧಿ ಏರಿಸಿದ ಹಾಗೆ ಪಾದಗಳ ಸ್ಪರ್ಶ ಹೋಯಿತು. ಒಂದು ಬೆಳಿಗ್ಗೆ ಕಾರು ಹಿಂದೆ ತೆಗೆಯುವಾಗ ಬ್ರೇಕ್ ಒತ್ತಿದೆನೆಂದುಕೊಂಡಳು, ಗೇಟು ಬಾಗಿತು. ಯಾರಿಗೂ ಏನೂ ಆಗಲಿಲ್ಲ. ಇಳಿದು ಪಾದಗಳನ್ನೇ ನೋಡುತ್ತ ನಿಂತಳು. ಕೀಲಿಯನ್ನು ಅಪ್ಪನ ಕೈಗಿಟ್ಟಳು.

ಬೈಪಾಸಿನ ಗ್ಯಾರೇಜಿಗೆ ಡೈನೊ ಎಂಬ ಪರೀಕ್ಷಾ ಯಂತ್ರ ಬಂದಿದೆ ಎಂದು ಅವಳಿಗೆ ಯಾರು ಹೇಳಿದರೋ! ನೆಲದಲ್ಲಿ ಹುಗಿದ ಉರುಳೆಗಳ ಮೇಲೆ ಹಿಂದಿನ ಗಾಲಿ ನಿಲ್ಲಿಸಿ, ಕಾರನ್ನು ಪಟ್ಟಿಗಳಿಂದ ಬಿಗಿದು ಓಡಿಸುತ್ತಾರೆ. ಎಂಜಿನ್ನಿನ ಬಲ, ವೇಗ ಪರದೆಯ ಮೇಲೆ ಬರುತ್ತವೆ. ಕಾರು ಮಾತ್ರ ಇದ್ದಲ್ಲೇ ಇರುತ್ತದೆ.

ನಾವು ಕಾರು ಒಯ್ದಾಗ ಗ್ಯಾರೇಜಿನವನು ಸ್ಟೇರಿಂಗ್ ಮುಂದೆ ತಾನೇ ಕೂರುವುದಾಗಿ ಹಟ ಹಿಡಿದ. "ಮೇಡಂ, ನಿಮಗ ಕಾಲು ತಿಳಿಯಂಗಿಲ್ಲ ಅಂತೀರಿ, ಹೆಂಗ್ರೀ?"

"ಪೂರ್ತಿ ಒತ್ತಬೇಕಲ್ಲ? ಪೂರ್ತಿ ಒತ್ತಾಕ ಏನ್ ತಿಳಿಬೇಕಪ್ಪ? ಗೇರು ನೀವು ಹೇಳ್ರಿ, ಹಾಕ್ತೀನಿ."

ಅವನು ಪಟ್ಟಿಗಳನ್ನು ಮತ್ತೊಮ್ಮೆ ಎಳೆದು ನೋಡಿ, ಪಕ್ಕದ ಸೀಟಿನಲ್ಲಿ ಕೂತ. ಅತ್ತೆ ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟಳು.

ಸದ್ದು ಎದೆಯೊಳಗೆ ನುಗ್ಗಿತು. ಹಿಂದಿನ ಗಾಲಿಗಳು ಕಾಣದಷ್ಟು ತಿರುಗುತ್ತಿದ್ದರೆ ಮುಂದಿನವು ಕಲ್ಲಿನ ಹಾಗೆ ನಿಂತಿದ್ದವು. ಬಾಗಿಲ ಸಂದಿಯಿಂದ ಕೆಂಪು ದೂಳು ಎದ್ದಿತು. ನೂರ ಅರವತ್ತು. ನೂರ ತೊಂಬತ್ತು. ಇನ್ನೂರ ಹತ್ತಕ್ಕೆ ಎಂಜಿನ್ ಬಿಕ್ಕಿತು, ಮುಂದೆ ಹೋಗಲಿಲ್ಲ. ಕಿಟಕಿಯಿಂದ ಅತ್ತೆ ನನ್ನ ಕಡೆ ತಿರುಗಿದಳು. ಕೂದಲಿಲ್ಲದ ಆ ಮುಖದಲ್ಲಿ ಅಂಥ ನಗು ನಾನು ಮತ್ತೆ ನೋಡಲಿಲ್ಲ.

ಹಿಂತಿರುಗುವಾಗ ನಾನು ಓಡಿಸುತ್ತಿದ್ದೆ. "ಅಲ್ಲಿ ಎದುರುಗಾಳಿನೇ ಇಲ್ಲ. ರೋಡಿನ್ಯಾಗ ಇಷ್ಟು ಹೋಗ್ತೈತಂತ ಸಾಬೀತಾಗಲಿಲ್ಲ," ಅಂದೆ.

"ಒಪ್ಪಿದೆ. ಕಟ್ ಆಗಿದ್ದು?"

"ಅದು ಸಾಬೀತಾತು."

"ಅರ್ಧ ಗೆದ್ದೆ ನಾನು." ಕಿಟಕಿಯ ಗಾಜು ಇಳಿಸಿದಳು. "ಇನ್ನ ಔಷಧಿ ಬ್ಯಾಡ ಅಂತ ಮಾಡೀನಿ."

ಕಾರು ಪಕ್ಕಕ್ಕೆ ನಿಲ್ಲಿಸಿದೆ. ಗೊತ್ತಿದ್ದ ವಾದವನ್ನೆಲ್ಲ ಹೂಡಿದೆ, ಬೈದೆ, ಅತ್ತುಬಿಟ್ಟೆ. ಅವಳು ಕೊನೆವರೆಗೂ ಕೇಳಿ ಅಂಗೈ ಎತ್ತಿದಳು.

"ಸಾಕು. ಈಗ ನನ್ನ ಕಡಿಯಿಂದ ಹೇಳು."

"ಇದ್ರಾಗ ಆಗಂಗಿಲ್ಲ ಅತ್ತಿ."

"ಆಗಬೇಕು. ಅಣ್ಣನ ಮುಂದ ನಾ ಹೇಳಿದ್ರ ಅಳ್ತಾನ, ನಾನೂ ಅಳ್ತೀನಿ. ನೀನ ಹೇಳಬೇಕು."

ಎಲ್ಲಿಂದ ಶುರು ಮಾಡಲಿ? "ಯಾವ ಎಂಜಿನ್ನಿಗೂ ಒಂದು ಮಿತಿ..." ಅಂದೆ.

"ಹೋಲಿಕಿ ಬ್ಯಾಡ."

ಹೋಲಿಕೆ ಬಿಟ್ಟು ಇದ್ದದ್ದನ್ನು ಹೇಳಿದೆ. ಮುಂದಿನ ಔಷಧಿಯಿಂದ ಸಿಗುವುದು ಬಹಳವಾದರೆ ಕೆಲವು ತಿಂಗಳು ಎಂದು ಡಾಕ್ಟರೇ ಒಪ್ಪಿದ್ದಾರೆ. ಜೋಮು ಬೆರಳುಗಳಿಗೂ ಬಂದಿದೆ, ಗುಂಡಿ ಹಾಕಿಕೊಳ್ಳಲು ಆಗುತ್ತಿಲ್ಲ. ಬಾಯಿಗೆ ರುಚಿಯಿಲ್ಲ. ಉಳಿದಷ್ಟು ದಿನ ಅವಳು ನಮ್ಮ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಅತ್ತೆ ಕಣ್ಣು ಮುಚ್ಚಿ ಕೇಳಿದಳು. "ರುಚಿದು ಮೊದಲು ಹೇಳು. ಅಣ್ಣಗ ಅದು ತಿಳೀತೈತಿ."

ಮನೆಗೆ ಬಂದು ಅದನ್ನೇ ಮೊದಲು ಹೇಳಿದೆ. ಅಪ್ಪ ನಡುಮನೆಯ ಕುರ್ಚಿಯಲ್ಲಿ ಕೂತು ಕೇಳಿದರು. ಒಂದಾದರೂ ಪ್ರಶ್ನೆ ಕೇಳಲಿ, ನನ್ನ ವಾದ ಬೀಳಿಸಲಿ ಎಂದು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಹೂಂ ಅಂದರು.

ಔಷಧಿ ನಿಲ್ಲಿಸಿದ ಮೇಲೆ ಅತ್ತೆಯ ನಾಲಿಗೆಗೆ ರುಚಿ ಮರಳಿತು. ಅಮ್ಮ ಮಾಡಿದ ಎಣಗಾಯಿಗೆ ಉಪ್ಪು ಕಡಿಮೆ ಎಂದು ಜಗಳವಾಡಿದಳು. ಪಾದಗಳು ಮಾತ್ರ ಕಡೆಯವರೆಗೂ ಮರಳಲಿಲ್ಲ. ಮಣ್ಣಿಗೆ ಒಯ್ಯುವ ಮುಂಚೆ ಅವನ್ನು ತೊಳೆದವಳು ನಾನು. ಉಗುರಿನ ಕೆಂಪು ಯಾವಾಗಲೋ ಹೋಗಿತ್ತು.

ಈಗ ಕಂಪ್ಲಿ ರಸ್ತೆಯಲ್ಲಿ ಆ ಕಾರನ್ನು ನಾನು ಓಡಿಸುತ್ತೇನೆ. ಎಂಬತ್ತು ದಾಟುವುದಿಲ್ಲ. ಚಪ್ಪಲಿ ಹಿಂದಿನ ಸೀಟಿನ ಕೆಳಗಿರುತ್ತದೆ. ರಸ್ತೆಯ ಒಂದೊಂದು ಹರಳೂ, ಎಂಜಿನ್ನಿನ ಸಣ್ಣ ನಡುಕವೂ ಬಲಗಾಲಿನ ಹೆಬ್ಬೆರಳಿಗೆ ತಿಳಿಯುತ್ತದೆ. ಎಲ್ಲವೂ ತಿಳಿಯುತ್ತದೆ ಅತ್ತಿ.