ಮಗ್ಗದ ಪಕ್ಕದ ಸರ್ವರ್

ಕೊಳ್ಳುವ ಮುನ್ನ ವಸ್ತುವನ್ನು ಮುಟ್ಟಿ ನೋಡುವುದು ನಮ್ಮೂರಿನವರ ಜನ್ಮಸಿದ್ಧ ಹಕ್ಕು. ಬದನೆಕಾಯಿಯ ತೊಟ್ಟು ಹಿಚುಕುತ್ತೇವೆ, ಗಡಿಗೆಗೆ ಬೆರಳಿಂದ ಬಡಿದು ಕಿವಿಗೊಡುತ್ತೇವೆ, ಸೀರೆಯ ಸೆರಗನ್ನು ಎರಡು ಬೆರಳ ನಡುವೆ ಉಜ್ಜಿ ಅದು ಬೆಟಗೇರಿಯ ಯಾವ ಓಣಿಯಲ್ಲಿ ಹುಟ್ಟಿತೆಂದು ಹೇಳಿಬಿಡುತ್ತೇವೆ. ಆದರೆ ಸರ್ವರ್ ಎಂಬ ಕಬ್ಬಿಣದ ಪೆಟ್ಟಿಗೆಯನ್ನು ಎಲ್ಲಿ ಹಿಚುಕುವುದು, ಎಲ್ಲಿ ಉಜ್ಜುವುದು? ಓದುಗ ಮಿತ್ರರೇ, ನೀವು ಬಲ್ಲಿರಾದರೆ ತಿಳಿಸಿ. ನಾನಂತೂ ಅದನ್ನು ಬರೀ ಬಾಯಿಂದ ಆರಿಸಿದವನು.

ಬಾಯಿಯೇ ಆಗ ನನ್ನ ಬಂಡವಾಳವಾಗಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯದ ಪರವಾಗಿ ಒಂದೂರಲ್ಲಿ, ವಿರುದ್ಧವಾಗಿ ಇನ್ನೊಂದೂರಲ್ಲಿ ಮಾತಾಡಿ ಎರಡೂ ಕಡೆ ಬಹುಮಾನ ಹೊತ್ತು ತಂದವನು ನಾನು. ಹಾಗೆ ಗೆದ್ದವನಿಗೆ ಯಾವುದರ ಮೇಲೂ ಪೂರ್ಣ ವಿಶ್ವಾಸ ಉಳಿಯುವುದಿಲ್ಲ. ದೇವರು, ದೆವ್ವ, ಜಾಹೀರಾತು ಮೂರನ್ನೂ ಸಮದೃಷ್ಟಿಯಿಂದ ಶಂಕಿಸುತ್ತಿದ್ದೆ; ಶಂಕಿಸದೆ ಬಿಟ್ಟದ್ದು ನನ್ನ ವಾದವೊಂದನ್ನೇ.

ನಾನು ಕೆಲಸಕ್ಕಿರುವುದು ಬೆಟಗೇರಿಯ ಒಂದು ನೇಕಾರ ಸಂಘದ ಕಚೇರಿಯಲ್ಲಿ. ಕೆಳಗೆ ಸಂಘದ ಹನ್ನೆರಡು ವಿದ್ಯುತ್ ಮಗ್ಗಗಳು, ಮೇಲೆ ನಮ್ಮ ಐದು ಮೇಜುಗಳು. ಗದಗಿನವರಲ್ಲದೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ನೇಕಾರರೂ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ನಮ್ಮಲ್ಲಿಗೇ ಬರುತ್ತಾರೆ. ಇದ್ದ ಐದು ಕಂಪ್ಯೂಟರುಗಳಿಗೆ ಐದು ಬಗೆಯ ವ್ಯಾಧಿ ಹಿಡಿದಿದ್ದರಿಂದ, ಮೇಜಿನ ಮೇಲೆ ಪರದೆ, ಕೀಲಿಮಣೆ ಮತ್ತು ಅಂಗೈಯಗಲದ ಒಂದು ಡಬ್ಬಿ ಮಾತ್ರ ಇಟ್ಟು, ಐದಕ್ಕೂ ಸೇರಿ ಬುದ್ಧಿಯನ್ನೆಲ್ಲ ಒಂದೇ ಸರ್ವರಿನಲ್ಲಿ ಇಡೋಣವೆಂದು ಸಂಘದ ಸಭೆಯಲ್ಲಿ ಸೂಚಿಸಿದೆ. ಎಲ್ಲರೂ ಒಪ್ಪಿದರು. ಎಂಥ ಸರ್ವರ್ ಎಂಬಲ್ಲಿ ಯುದ್ಧ ಹತ್ತಿತು.

ನಾನು ಹಿಡಿದದ್ದು, ಯಾವುದೋ ದೊಡ್ಡ ಕಂಪನಿ ಬಳಸಿ ಬಿಟ್ಟ, ಎರಡು ಪ್ರೊಸೆಸರುಗಳ, ಐವತ್ತು ಮೇಜುಗಳನ್ನು ಹೊರಬಲ್ಲ ಭೀಮಕಾಯದ ಪಕ್ಷ. ಎದುರಿಗಿದ್ದವರು ಮೂವತ್ತು ವರ್ಷ ಮಗ್ಗದಲ್ಲಿ ಕುಳಿತೆದ್ದು ಈಗ ಸಂಘದ ಕಾರ್ಯದರ್ಶಿಯಾಗಿರುವ ಗುರುಸಿದ್ದಪ್ಪ ಕಾಕಾ. ಎರಡು ಸಾಧಾರಣ ಯಂತ್ರ ಕೊಳ್ಳೋಣ, ಒಂದು ದುಡಿಯಲಿ, ಇನ್ನೊಂದು ಸುಮ್ಮನೆ ಕೂತಿರಲಿ ಎಂಬುದು ಅವರ ಮಾತು.

“ಲಾಳಿ ಒಂದ ಇಟ್ಕೊಂಡು ಯಾವಾಂವ ನೇಯಾಕ ಕುಂಡರ್ತಾನಲೇ? ಮಗ್ಗಲಕ ಇನ್ನೊಂದು ತಯಾರ ಇರಬೇಕು.”

“ಹಂಗಾದ್ರ ಕಾರ್ಯದರ್ಶಿನೂ ಇಬ್ರನ್ನ ಇಟ್ಕೊಳ್ಳೂಣ್ರಿ ಕಾಕಾ. ಒಬ್ರು ದುಡೀಲಿ, ಒಬ್ರು ಕುಂಡರ್ಲಿ.”

“ಈಗೂ ಹಂಗ ನಡದೈತಿ. ನಾ ದುಡೀತೀನಿ, ನೀ ಕುಂತಿ.”

ಸಭೆಯ ನಗೆಯೆಲ್ಲ ಕಾಕಾನ ಪಾಲಿಗೆ, ಮತವೆಲ್ಲ ನನ್ನ ಪಾಲಿಗೆ ಬಿತ್ತು. ಭೀಮಕಾಯ ಬಂತು. ಬಂದದ್ದೇ ಗರ್ಜಿಸತೊಡಗಿತು. ಅದರ ಫ್ಯಾನುಗಳ ಅಬ್ಬರಕ್ಕೆ ಅರ್ಜಿದಾರರು ತಮ್ಮ ಹೆಸರನ್ನೇ ಮೂರು ಸಲ ಕೂಗಬೇಕಾಯಿತು. “ತಮ್ಮಾ, ಇದು ಕಂಪ್ಯೂಟರ ಏನ, ಹಿಟ್ಟಿನ ಗಿರಣಿ ಏನ?” ಎಂದು ಮೊದಲ ಮೇಜಿನ ಜೈತುನಬಿ ಅಕ್ಕ ಕಿವಿ ಮುಚ್ಚಿಕೊಂಡರು. ಆಗ ನನಗೊಂದು ದಿವ್ಯೋಪಾಯ ಹೊಳೆಯಿತು: ಅದನ್ನು ಕೆಳಗೆ ಮಗ್ಗಗಳ ಪಕ್ಕಕ್ಕೆ ಸಾಗಿಸಿದೆ. ಸದ್ದನ್ನು ಅದಕ್ಕಿಂತ ದೊಡ್ಡ ಸದ್ದಿನೊಳಗೆ ಹೂತಿಡುವ ಈ ವಿದ್ಯೆ ಬೆಟಗೇರಿಯಲ್ಲಿ ಬೆಳೆದವನಿಗಲ್ಲದೆ ಇನ್ನಾರಿಗೆ ದಕ್ಕೀತು!

ಇತ್ತ ಹಳೆಯ ಐದನ್ನು ಗುಜರಿಗೆ ಹಾಕಲು ಕಾಕಾ ಬಿಡಲಿಲ್ಲ. ಜೈತುನಬಿ ಅಕ್ಕ ನಾಲ್ಕರ ಮೆಮೊರಿಯನ್ನು ಕಿತ್ತು ಐದನೆಯದಕ್ಕೆ ಜೋಡಿಸಿಕೊಂಡು, “ಇದರಾಗ ನನಗ ಸರ್ವರ್ ಮಾಡೂದು ಕಲಸು” ಎಂದರು. ದಾನಶೂರನಂತೆ ಕಲಿಸಿದೆ. ಪ್ರತಿ ಶನಿವಾರ ಅವರು ಆ ವಾರದ ಅರ್ಜಿಗಳನ್ನೆಲ್ಲ ಅದರೊಳಗೆ ನಕಲು ಮಾಡಿ, ಮೇಲೊಂದು ಹಳೆಯ ದುಪಟ್ಟಾ ಹೊದಿಸಿ ಮನೆಗೆ ಹೋಗುತ್ತಿದ್ದರು. ಶವಕ್ಕೆ ಶೃಂಗಾರವೆಂದು ನಾನು ಒಳಗೊಳಗೇ ನಕ್ಕದ್ದುಂಟು.

ಅರ್ಜಿಗಳ ಕಡೆಯ ದಿನ ಬಂತು. ಬೆಳ್ಳಟ್ಟಿಯಿಂದ ರೇಣುಕವ್ವ ಎಂಬ ತಾಯಿ ಬೆಳಿಗ್ಗೆಯೇ ಬಂದು ಬೆಂಚಿನ ತುದಿಗೆ ಕುಳಿತಿದ್ದರು. ಮಗಳದು ನರ್ಸಿಂಗ್, ಅಂಕಪಟ್ಟಿಯ ಪ್ರತಿ ಮಸುಕಾಗಿದೆಯೆಂದು ಅರ್ಜಿ ಹಿಂದಿರುಗಿತ್ತು. ಸಂಜೆ ಐದರೊಳಗೆ ತಿದ್ದಿ ಕಳಿಸದಿದ್ದರೆ ವಿದ್ಯಾರ್ಥಿವೇತನವಿಲ್ಲ, ಅದಿಲ್ಲದೆ ಎರಡನೆಯ ವರ್ಷವಿಲ್ಲ. ಅವರ ಸರದಿ ಬಂದು ಮೇಜಿನ ಮುಂದೆ ಕೂತರೋ ಇಲ್ಲವೋ, ಐದೂ ಪರದೆಗಳು ಒಟ್ಟಿಗೆ ಕಪ್ಪಾದವು.

ಕೆಳಗೆ ಓಡಿದೆ. ಮಗ್ಗಗಳಿಂದ ಹಾರುವ ಹತ್ತಿಯ ಎಳೆ ಫ್ಯಾನುಗಳ ಬಾಯಿಗೆ ಕೌದಿಯಂತೆ ಮೆತ್ತಿಕೊಂಡು, ಭೀಮಕಾಯ ಉಸಿರು ಕಟ್ಟಿ, ಕೆಂಡದಂತೆ ಕಾದು ಸತ್ತಿತ್ತು. ಎಚ್ಚರಿಕೆಯ ಸದ್ದಾದರೂ ಆಗಲಿಲ್ಲವೇ ಎಂದು ನೇಯುವವರನ್ನು ಕೇಳಿದೆ.

“ಊಟಕ್ಕ ಮಗ್ಗ ನಿಲ್ಲಿಸಿದಾಗ ಕುಂಯ್ ಕುಂಯ್ ಅಂತಿತ್ರಿ. ಎರಡ ದಿನಾತು. ನಿಮ್ಮ ಮಶೀನು ಖುಷೀಲೆ ಹಾಡ್ತೈತಿ ಅನ್ಕೊಂಡ್ವಿ.”

ಅದು ಎರಡು ದಿನ ಅತ್ತಿದೆ. ಅಳು ಕೇಳಿಸದ ಜಾಗವನ್ನು ಹುಡುಕಿ ಇಟ್ಟವನು ನಾನು. ಪ್ರೊಸೆಸರುಗಳನ್ನು ಎಣಿಸಿದ್ದೆ, ಮೆಮೊರಿ ಅಳೆದಿದ್ದೆ; ಇದು ಎಲ್ಲಿ ಕೂರುತ್ತದೆ, ಯಾವ ಗಾಳಿ ಕುಡಿಯುತ್ತದೆ, ಇದರ ನರಳಿಕೆ ಯಾರ ಕಿವಿಗೆ ಬೀಳುತ್ತದೆ ಎಂಬ ಮೂರು ಪ್ರಶ್ನೆಗಳು ನನ್ನ ವಾಗ್ಝರಿಯಲ್ಲಿ ಎಲ್ಲಿಯೂ ತೇಲಿ ಬಂದಿರಲಿಲ್ಲ.

ಮೇಲೆ ಬಂದಾಗ ರೇಣುಕವ್ವ ಎದ್ದು ನಿಂತಿದ್ದರು. “ಆಗಂಗಿಲ್ಲೇನ್ರಿ ಸರ?” ಪರ, ವಿರೋಧ ಎರಡರಲ್ಲೂ ಪಳಗಿದ ನಾನು ಕಪ್ಪಾದ ಪರದೆಯ ಗುಂಡಿಯನ್ನೇ ಮತ್ತೆ ಮತ್ತೆ ಒತ್ತಿದೆ.

ಜೈತುನಬಿ ಅಕ್ಕ ಮಾತ್ರ ನನ್ನ ಮುಖ ನೋಡುತ್ತ ಕೂರಲಿಲ್ಲ. ದುಪಟ್ಟಾ ಸರಿಸಿದರು. ಭೀಮಕಾಯಕ್ಕೆ ಹೋಗುತ್ತಿದ್ದ ತಂತಿಯನ್ನು ಕಿತ್ತು ಹಳೆಯದಕ್ಕೆ ಚುಚ್ಚಿದರು. “ಐದ ಜಗ್ಗೂದಿಲ್ಲ ತಮ್ಮಾ, ಎರಡ ಮೇಜು ಹಚ್ಚೂಣು” ಎಂದರು. ಕಾಕಾ ಉಳಿದ ಅರ್ಜಿದಾರರನ್ನು ಯಾರ ಕೆಲಸ ಎಷ್ಟು ಬಾಕಿಯಿದೆಯೆಂದು ಕೇಳಿ ಸಾಲು ಮಾಡಿ, ಎಲ್ಲರಿಗೂ ಚಹಾ ತರಿಸಿದರು. ಹಳೆಯ ಯಂತ್ರ ಏದುಸಿರು ಬಿಡುತ್ತ, ಒಂದೊಂದು ಪುಟಕ್ಕೂ ನಮ್ಮ ಆಸ್ತಿಕತೆಯನ್ನು ಪರೀಕ್ಷಿಸುತ್ತ ನಡೆಯಿತು. ಶನಿವಾರದ ನಕಲಿನಲ್ಲಿ ರೇಣುಕವ್ವನ ಮಗಳ ಅರ್ಜಿ ಸುರಕ್ಷಿತವಾಗಿತ್ತು. ಅಂಕಪಟ್ಟಿಯನ್ನು ಹೊಸದಾಗಿ ಸ್ಕ್ಯಾನ್ ಮಾಡಿ ಸೇರಿಸಿದರೆ ಸಾಕಿತ್ತು. ನಾಲ್ಕೂವರೆಗೆ ಸ್ವೀಕೃತಿಯ ಕಾಗದ ಹೊರಬಂತು. ಸಾಲಿನಲ್ಲಿದ್ದ ಉಳಿದವರದೂ ಐದರೊಳಗೆ ಮುಗಿಯಿತು.

ಇಲ್ಲೊಂದು ಆಕ್ಷೇಪವನ್ನು ದಾಖಲಿಸದಿದ್ದರೆ ನಾನು ನಾನಲ್ಲ. ಕಾಕಾನದು ದೂರದೃಷ್ಟಿಯೆಂದು ನಾನೀಗಲೂ ಒಪ್ಪುವುದಿಲ್ಲ. ಅವರಿಗೆ ಏನನ್ನೂ ಎಸೆಯಲಾಗುವುದಿಲ್ಲ, ಅಷ್ಟೇ. ಹಿಡಿಯಿಲ್ಲದ ಮೂರು ಛತ್ರಿಗಳು ಅವರ ಕಪಾಟಿನಲ್ಲಿ ಇಂದಿಗೂ ಇವೆ. ಆದರೆ ಸಭೆಯಲ್ಲಿ ಸೋತ ಮೇಲೂ ಮುನಿಸಿಕೊಳ್ಳದೆ, ಗೆದ್ದವನ ತಪ್ಪಿಗೊಂದು ಜಾಗ ಬಿಟ್ಟು ಬದುಕುವವರಿದ್ದಾರಲ್ಲ, ಚರ್ಚಾಸ್ಪರ್ಧೆಯಲ್ಲಿ ಅಂಥವರಿಗೆ ಬಹುಮಾನವಿಲ್ಲ. ಅವರ ನಡುವೆ ನನಗೊಂದು ಕುರ್ಚಿ ಸಿಕ್ಕಿದ್ದಕ್ಕೆ ಯಾರಿಗೆ ಕೃತಜ್ಞನಾಗಬೇಕೆಂಬುದು ದೇವರನ್ನು ನಂಬದವನ ನಿಜವಾದ ಇಕ್ಕಟ್ಟು.

ಹೊರಡುವ ಮುನ್ನ ರೇಣುಕವ್ವ ಬಂದು ನೇರ ನನಗೇ ಕೈಮುಗಿದರು. “ನಿಮ್ಮ ಮಶೀನು ಭಾಳ ಚಲೋ ಐತಿ ನೋಡ್ರಿ ಸರ. ನಮ್ಮ ಹುಡುಗೀದು ವರ್ಷ ಉಳೀತು.”

ಅದು ನನ್ನದಲ್ಲ ಎನ್ನಲು ಬಾಯಿ ತೆರೆದೆ. ಕಾಕಾ ಅಡ್ಡಬಂದರು.

“ಹೌದವ್ವಾ, ಇಂವನ ಆರಿಸ್ಯಾನ. ಭಾಳ ಶಾಣ್ಯಾ ಅದಾನ. ಜಲ್ದಿ ನಡಿ, ಬೆಳ್ಳಟ್ಟಿ ಬಸ್ಸು ತಪ್ಪತೈತಿ.”

ಆ ಮಾತನ್ನು ಖಂಡಿಸಲು ನನ್ನ ಬಳಿ ಸಾಕ್ಷಿಯೂ ಇತ್ತು, ಪ್ರಮಾಣವೂ ಇತ್ತು. ಎರಡನ್ನೂ ಬಳಸದೆ, ರೇಣುಕವ್ವನ ಚೀಲ ಎತ್ತಿಕೊಂಡು ಬಸ್ಸಿನವರೆಗೆ ನಡೆದೆ.