ಶಕುಂತಲಾ ಅತ್ತು ತೋರಿಸಲಿಲ್ಲ

ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಒಂದು ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಪುಟ್ಟ ಮಕ್ಕಳಿಗೆ ಅಡುಗೆ ಮಾಡುವ ಶಕುಂತಲಾ, ಹಿಂದೆ ಗದಗದಲ್ಲಿ ಹನ್ನೊಂದು ವರ್ಷ ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದವರು. ಗಂಡ ಉಮಾಕಾಂತನಿಗೆ ಇಲ್ಲಿ ಕೆಲಸ ಸಿಕ್ಕಾಗ ಖಾಕಿ ಕಳಚಿಟ್ಟು ಬಂದರು. ಸಂಜೆ ಇಬ್ಬರೂ ಕೂತು ಇಲ್ಲಿನ ಪತ್ತೇದಾರಿ ಧಾರಾವಾಹಿ ನೋಡುವರು.

"ಒಂದು ಹೆಣಕ್ಕೆ ಎಂಟು ಎಪಿಸೋಡ್ ರೀ! ನಮ್ಮ ಸಿನಿಮಾದಲ್ಲಾಗಿದ್ರೆ ಇಂಟರ್ವಲ್ ಒಳಗೆ ಹೀರೋ ಎಲ್ಲರನ್ನೂ ಹೊಡೆದು ಮುಗಿಸಿರ್ತಿದ್ದ," ಎಂದು ಶಕುಂತಲಾ ನಗುವರು.

ಎರಡು ವರ್ಷದ ಹಿಂದಿನ ವಸಂತದಲ್ಲಿ ಅಂಥದ್ದೇ ಧಾರಾವಾಹಿಗೆ ಭಾರತೀಯ ತಾಯಿಯೊಬ್ಬಳ ಪಾತ್ರಕ್ಕೆ ಹೆಂಗಸು ಬೇಕಾಯಿತು. ನಿರ್ದೇಶಕಿ ಎಬ್ಬಾ ಅವರ ಮಗಳು ಅದೇ ಡಾಗಿಸ್‌ಗೆ ಬರುತ್ತಿದ್ದಳು. ಅವರು ಶಕುಂತಲಾರನ್ನೇ ಕೇಳಿದರು. ದೃಶ್ಯ ಚಿಕ್ಕದು. ಇಬ್ಬರು ಪೊಲೀಸರು ಮನೆಗೆ ಬಂದು ಮಗ ಕೊಲೆಯಾದ ಸುದ್ದಿ ಹೇಳುತ್ತಾರೆ. ತಾಯಿ ಕಿರುಚಿ ಕುಸಿಯುತ್ತಾಳೆ.

ಶಕುಂತಲಾ ಮೂರು ಸಲ ಕಿರುಚಿದರು. ಮೂರು ಸಲವೂ ಎಬ್ಬಾಗೆ ಸರಿಬರಲಿಲ್ಲ.

"ಒಂದು ಮಾತು ಹೇಳ್ಲಾ?" ಶಕುಂತಲಾ ಸ್ವೀಡಿಷ್‌ನಲ್ಲಿ ಕೇಳಿದರು. "ಇಂಥ ಸುದ್ದಿ ತಗೊಂಡು ನಾನೇ ಮನೆಗಳಿಗೆ ಹೋಗಿದ್ದೀನಿ. ಒಬ್ಬ ತಾಯಿ ಅಳಲೇ ಇಲ್ಲ. ಆಕೆ ಮಾಡಿದ್ದನ್ನೇ ಮಾಡ್ತೀನಿ."

ಎಬ್ಬಾ ಒಂದು ಕ್ಷಣ ಯೋಚಿಸಿ, "ಮಾಡಿ," ಎಂದರು.

ಕ್ಯಾಮೆರಾ ಓಡಿತು. ಪೊಲೀಸ್ ವೇಷದ ನಟಿ ಸುದ್ದಿ ಹೇಳಿದಳು. ಶಕುಂತಲಾ ಅವಳ ಮುಖವನ್ನೇ ನೋಡಿದರು. ಆಮೇಲೆ ಕನ್ನಡದಲ್ಲಿ, "ದಣದು ಬಂದೀರಿ, ಕುಂದರ್ರಿ," ಎಂದು ಒಳಗೆ ಹೋಗಿ ಎರಡು ಲೋಟ ನೀರು ತಂದುಕೊಟ್ಟರು. ಪೊಲೀಸರಿಬ್ಬರೂ ಕುಡಿದು ಮುಗಿಸುವವರೆಗೆ ಸೆರಗು ಹಿಡಿದು ನಿಂತೇ ಇದ್ದರು. ನಂತರ ಮೆಲ್ಲಗೆ ಕೇಳಿದರು:

"ಅವನ ಕಾಲಾಗ ಚಪ್ಪಲಿ ಇದ್ದುವೇನ್ರೀ?"

ನಟಿಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಆದರೂ ಮುಂದಿನ ಮಾತೇ ಅವಳಿಗೆ ಮರೆತುಹೋಯಿತು. 'ಕಟ್' ಹೇಳುವುದು ಎಬ್ಬಾಗೂ ನೆನಪಾಗಲಿಲ್ಲ.

ಶಕುಂತಲಾ ತಾವೇ ಬೆರಗಾಗಿ ನಿಂತಿದ್ದರು. ಇಪ್ಪತ್ತು ವರ್ಷದ ಹಿಂದೆ ಒಂದೇ ಸಲ ಕಂಡಿದ್ದ ಹೆಂಗಸು. ಆಕೆಯ ದನಿ ಇಷ್ಟು ದಿನ ತಮ್ಮ ಗಂಟಲಲ್ಲೇ ಇತ್ತೆಂದು ಅವರಿಗೆ ಗೊತ್ತೇ ಇರಲಿಲ್ಲ.

ಧ್ವನಿಮುದ್ರಣ ಮಾಡುತ್ತಿದ್ದವರು ಅರವತ್ತು ದಾಟಿದ ಮಿತಭಾಷಿ. ಅವರು ಹೆಡ್‌ಫೋನ್ ತೆಗೆದು ಹತ್ತಿರ ಬಂದರು.

"ಕೊನೆಗೆ ಏನು ಕೇಳಿದ್ರಿ?"

ಶಕುಂತಲಾ ಅರ್ಥ ಹೇಳಿದರು. ಅವರು ಹೆಡ್‌ಫೋನಿನ ತಂತಿ ಸುತ್ತುತ್ತಾ ಹೇಳಿದರು:

"ನನ್ನ ಅಣ್ಣ ಕೆರೆಯ ಮೇಲಿನ ಮಂಜುಗಡ್ಡೆ ಒಡೆದು ಮುಳುಗಿ ಸತ್ತ. ಪೊಲೀಸರು ಬಂದಾಗ ನಾನು ಬಾಗಿಲ ಹಿಂದೆ ಇದ್ದೆ. ಅಮ್ಮ ಕೇಳಿದ್ದು ಒಂದೇ. ಅವನು ಕೈಗವಸು ಹಾಕ್ಕೊಂಡಿದ್ನಾ ಅಂತ."

ಗದಗದ ಸುಡು ನೆಲವೆಲ್ಲಿ, ಹಿಮಗಟ್ಟಿದ ಆ ಕೆರೆಯೆಲ್ಲಿ! ಶಕುಂತಲಾ ಅವರ ಕೈ ಹಿಡಿದುಕೊಂಡರು. ಆ ದಿನ ಫೀಕಾ ಎಂಬ ಕಾಫಿ ವಿರಾಮದಲ್ಲಿ ಎಲ್ಲರ ಕಾಫಿಯೂ ಹಾಗೇ ಆರಿಹೋಯಿತು.

ಕಿರುಚುವ ದೃಶ್ಯದ ಪುಟವನ್ನು ಎಬ್ಬಾ ಚಿತ್ರಕಥೆಯಿಂದ ಕಿತ್ತುಹಾಕಿದರು. ಧಾರಾವಾಹಿ ಪ್ರಸಾರವಾದಾಗ ಆ ಕನ್ನಡ ಮಾತಿನ ಕೆಳಗೆ ಅನುವಾದ ಹಾಕಿರಲಿಲ್ಲ. ಅದರ ಅರ್ಥ ಕೇಳಿ ನೋಡುಗರು ಎಬ್ಬಾಗೆ ಇಂದಿಗೂ ಬರೆಯುತ್ತಾರೆ.